ಮೊದಲು ಬಿಡಬೇಕಾದ ಬಿಳಿ

ನನಗೆ ಸೊಟ್ಟ ಗೆರೆ ಕಂಡರೆ ಆಗುವುದಿಲ್ಲ. ನಿವೃತ್ತಿಯಾಗುವವರೆಗೂ ಹೈಸ್ಕೂಲಿನ ಹುಡುಗಿಯರಿಗೆ ಗಣಿತ ಕಲಿಸಿದವಳು ನಾನು. ಸ್ಕೇಲು ಇಡದೆ ತ್ರಿಕೋನ ಬರೆದವರಿಗೆ ನನ್ನ ಕೈಯಲ್ಲಿ ಮುಕ್ತಿ ಇರುತ್ತಿರಲಿಲ್ಲ. ಈ ಗುಣ ಕೆಲಸಕ್ಕೆ ಸೇರಿದ ಮೇಲೆ ಬಂದದ್ದೇನೂ ಅಲ್ಲ. ಚಿಕ್ಕವಳಿದ್ದಾಗ ನಮ್ಮಕ್ಕ ನಿಂಗಕ್ಕ ದಿನಾ ಬೆಳಿಗ್ಗೆ ನನ್ನ ಹಣೆಗೆ ವಿಭೂತಿ ಹಚ್ಚಿ ಶಾಲೆಗೆ ಕಳಿಸುತ್ತಿದ್ದಳು. ಮೂರು ಪಟ್ಟೆಗಳಲ್ಲಿ ನಡುವಿನದು ಯಾವಾಗಲೂ ಅರ್ಧಕ್ಕೇ ನಿಂತಿರುತ್ತಿತ್ತು. ಬೀದಿಯ ತಿರುವು ದಾಟಿದ ಕೂಡಲೇ ನಾನು ಬೆರಳಿನಿಂದ ಅದನ್ನು ಎಳೆದು ಉದ್ದ ಮಾಡಿಕೊಳ್ಳುತ್ತಿದ್ದೆ. ಒಂದು ಗೆರೆ ನೆಟ್ಟಗೆ ಎಳೆಯಲು ಬಾರದ ಅವಸರದವಳು ಎಂದು ಅವಳ ಮೇಲೆ ಸಿಟ್ಟಾಗುತ್ತಿತ್ತು.

ಇಂಥ ಜಯಶೀಲಾ ಅರವತ್ತು ದಾಟಿದ ಮೇಲೆ ಜಲವರ್ಣ ಕಲಿಯಲು ಹೊರಟರೆ ನಮ್ಮ ಮನೆಯವರು ನಗದೆ ಇರುತ್ತಾರೆಯೇ? ನೀರು ನಿನ್ನ ಮಾತು ಕೇಳುತ್ತದೆಯಾ ಎಂದು ಛೇಡಿಸಿದರು. ಈ ಮನೆಯಲ್ಲಿ ಮಿಕ್ಕವರೆಲ್ಲ ಕೇಳುತ್ತಿಲ್ಲವೇ, ಅದೂ ಕೇಳುತ್ತದೆ ಎಂದೆ. ಅವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ನಾನು ಬ್ರಷ್ಷು ಹಿಡಿಯಲು ಕಾರಣ ಅಕ್ಕನ ಕಣ್ಣು. ನಮ್ಮವ್ವ ವೀರಮ್ಮ ತೀರಿಕೊಂಡಾಗ ನಾನಿನ್ನೂ ಎದೆಹಾಲು ಬಿಟ್ಟಿರಲಿಲ್ಲ. ಅಕ್ಕನಿಗೆ ಹನ್ನೆರಡು ವರ್ಷ. ಹೊಸದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ಆಗ ಫೋಟೋ ಬೇಕೆಂದರೆ ಪೇಟೆಗೆ ಹೋಗಬೇಕಿತ್ತು. ನನ್ನನ್ನು ಎತ್ತಿಕೊಂಡು ಹರಕೆ ತೀರಿಸಲು ಹಾಲುರಾಮೇಶ್ವರಕ್ಕೆ ಹೋದಾಗ ಅಲ್ಲೊಬ್ಬ ಫೋಟೋದವನು ಪರದೆ ಕಟ್ಟಿಕೊಂಡು ಕುಳಿತಿದ್ದನಂತೆ. ಅವ್ವ ಆಸೆಯಿಂದ ನೋಡಿದಳಂತೆ. ಮುಂದಿನ ಸಲ ತೆಗೆಸೋಣ ಎಂದು ಅಪ್ಪ ಕರೆದುಕೊಂಡು ಬಂದನಂತೆ. ಅವ್ವನಿಗೆ ಮುಂದಿನ ಸಲ ಎನ್ನುವುದೇ ಬರಲಿಲ್ಲ, ಹಾಗಾಗಿ ಅವಳದು ಒಂದೇ ಒಂದು ಚಿತ್ರವೂ ಎಲ್ಲಿಯೂ ಇಲ್ಲ. ಅಪ್ಪ ಹೋದ, ಅತ್ತೆಯಂದಿರು ಹೋದರು, ಅವ್ವನ ಓರಗೆಯವರೆಲ್ಲ ಹೋದರು. ಅವ್ವನ ಮುಖ ಗೊತ್ತಿರುವವಳು ಈಗ ಅಕ್ಕ ಒಬ್ಬಳೇ.

ಆ ಅಕ್ಕನೇ ನನ್ನನ್ನು ಸಾಕಿದ್ದು. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಗೆ ಅವಳನ್ನು ಕೊಟ್ಟಾಗ, ತಂಗಿ ಜೊತೆಗೆ ಬರುವುದಾದರೆ ಮಾತ್ರ ತಾನು ಹೊಸಿಲು ದಾಟುವುದು ಎಂದು ಹಟ ಹಿಡಿದು ನನ್ನನ್ನೂ ಗಂಡನ ಮನೆಗೆ ಕರೆದುಕೊಂಡು ಹೋದವಳು. ಅವಳು ಹತ್ತಿರವಿದ್ದಾಗ ನನಗೆ ಅವ್ವನ ಕೊರತೆ ಕಾಡಲಿಲ್ಲ. ಅವ್ವ ಹೇಗಿದ್ದಳು ಎಂದು ಕೇಳಿದರೆ ಚೆನ್ನಾಗಿದ್ದಳು ಎನ್ನುತ್ತಿದ್ದಳು. ನನಗೂ ಅಷ್ಟು ಸಾಕಾಗುತ್ತಿತ್ತು. ಕೇಳುವುದಕ್ಕೆ ಬೇಕಾದಷ್ಟು ಕಾಲ ಇದೆ ಅಂದುಕೊಂಡಿದ್ದೆ.

ಹೋದ ವರ್ಷ ಅಕ್ಕನ ಮಗ ಅವಳನ್ನು ಚಿತ್ರದುರ್ಗಕ್ಕೆ ನಮ್ಮ ಮನೆಗೆ ಕರೆತಂದ. ಎದುರಿಗೆ ಕುಳಿತವರ ಮುಖ ನಡುವಿಗೆ ಒರೆಸಿಹೋದ ಹಾಗೆ ಕಾಣುತ್ತದೆ ಎನ್ನುತ್ತಿದ್ದಳು. ದಾವಣಗೆರೆಗೆ ಹೋಗಿ ತೋರಿಸಿದೆವು. ಕಣ್ಣಿನ ಒಳಪರದೆ ವಯಸ್ಸಿಗೆ ಸವೆದಿದೆ ಎಂದರು ಡಾಕ್ಟರು. ನಡುವಿನ ನೋಟ ಹೋಗುತ್ತದೆ, ಅಂಚಿನದು ಉಳಿಯುತ್ತದೆ; ಇಂಜೆಕ್ಷನ್ನಿನಿಂದ ಸ್ವಲ್ಪ ತಡೆಯಬಹುದು, ಹೋದದ್ದನ್ನು ತರಲಾಗುವುದಿಲ್ಲ. ಆಸ್ಪತ್ರೆಗೆ ಓಡಾಡಲು ಸುಲಭವೆಂದು ಅಕ್ಕ ನಮ್ಮಲ್ಲೇ ಉಳಿದಳು. ಈಗ ಅವಳು ಏನನ್ನಾದರೂ ನೋಡಬೇಕೆಂದರೆ, ಕಾಳು ನೋಡುವ ಕೋಳಿಯ ಹಾಗೆ, ಕತ್ತು ಪಕ್ಕಕ್ಕೆ ತಿರುಗಿಸುತ್ತಾಳೆ.

ದಾವಣಗೆರೆಯಿಂದ ವಾಪಸು ಬರುವ ಬಸ್ಸಿನಲ್ಲಿ ನನಗೆ ಒಮ್ಮೆಲೇ ಭಯವಾಯಿತು. ಇನ್ನು ಸ್ವಲ್ಪ ಕಾಲಕ್ಕೆ ಯಾರ ಮುಖವೂ ಅಕ್ಕನಿಗೆ ಕಾಣುವುದಿಲ್ಲ. ಅವ್ವನ ಮುಖ ಕಾಗದದ ಮೇಲೆ ಬರುವುದಿದ್ದರೆ, ಅದನ್ನು ನೋಡಿ ಹೌದು ಇವಳೇ ಎಂದು ಅಕ್ಕ ಹೇಳುವುದಿದ್ದರೆ, ಅದು ಈಗಲೇ ಆಗಬೇಕು. ಅಕ್ಕ ಪಕ್ಕದಲ್ಲಿ ತೂಕಡಿಸುತ್ತಿದ್ದಳು. ನಾನು ಅವಳ ಕೈ ಹಿಡಿದುಕೊಂಡೇ ಊರು ಮುಟ್ಟಿದೆ.

ಸಂತೆ ಹೊಂಡದ ಹತ್ತಿರ ತಾಜುದ್ದೀನ್ ಸಾಬರ ಫೋಟೋಗೆ ಕಟ್ಟು ಹಾಕುವ ಅಂಗಡಿ ಇದೆ. ಊರಿನಲ್ಲಿ ಯಾರು ತೀರಿಕೊಂಡರೂ ಫೋಟೋ ದೊಡ್ಡದು ಮಾಡಿಸಿ ಗಾಜು ಹಾಕಿಸಲು ಅಲ್ಲಿಗೇ ಹೋಗುವುದು. ಅವರನ್ನು ಕೇಳಿದೆ. ಬಾಯಲ್ಲಿ ಹೇಳಿದರೆ ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವವರಿದ್ದಾರೆ ಎಂದರು. ಅಕ್ಕ ಹೇಳಿದಳು, ನಾನು ಬರೆದುಕೊಟ್ಟೆ. ಬಂದ ಚಿತ್ರದಲ್ಲಿದ್ದವಳು ಹಾಲಿನ ಹಾಗೆ ಬೆಳ್ಳಗಿದ್ದಳು, ಹುಬ್ಬು ತೀಡಿಸಿಕೊಂಡಿದ್ದಳು, ಹಣೆಯ ವಿಭೂತಿ ಅಚ್ಚು ಹಾಕಿದಂತಿತ್ತು. ಅಕ್ಕ ಅದನ್ನು ಓರೆಯಲ್ಲಿ ನೋಡಿ, "ಇದ್ಯಾವ ಸೀರಿಯಲ್‌ನಾಕೀನೇ?" ಎಂದು ಕೇಳಿದಳು.

ನನಗೆ ರೇಗಿತು. ಹಾಗಾದರೆ ನಾನೇ ಬರೆಯುತ್ತೇನೆ ಎಂದೆ. ಕೋಪದಲ್ಲಿ ಆಡಿದ ಮಾತು. ಆದರೆ ಆಡಿದ ಮೇಲೆ ಹಿಂದೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ಅಂಗಡಿಗೆ ಹೋಗಿ ಹೇಳಿದಾಗ ತಾಜುದ್ದೀನ್ ಸಾಬರು ಬೇಸರ ಮಾಡಿಕೊಂಡು, ತಮ್ಮ ಮಗಳು ಮದೀಹಾ ಭಾನುವಾರ ಅಂಗಡಿಯ ಮಾಳಿಗೆಯ ಮೇಲೆ ಜಲವರ್ಣ ಕಲಿಸುತ್ತಾಳೆ, ಬಂದು ನೋಡಿ ಎಂದರು.

ಮದೀಹಾ ನನ್ನ ವಿದ್ಯಾರ್ಥಿನಿಯೇ. ಗೊತ್ತಿಲ್ಲದ ಲೆಕ್ಕದ ಜಾಗವನ್ನು ಶುಭ್ರವಾಗಿ ಖಾಲಿ ಬಿಟ್ಟು ಉತ್ತರಪತ್ರಿಕೆ ಕೊಡುತ್ತಿದ್ದ ಹುಡುಗಿ. ಏನಾದರೂ ಬರೆಯೇ, ಖಾಲಿ ಬಿಡಬೇಡ ಎಂದು ಎಷ್ಟು ಬೈದರೂ ನಗುತ್ತಿದ್ದಳು. ಈಗ ಚಿತ್ರಕಲೆ ಓದಿ ಬಂದು ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಾಳೆ. ಮೆಟ್ಟಿಲು ಹತ್ತಿ ಬಂದ ನನ್ನನ್ನು ಕಂಡು ಅವಳಿಗೆ ಗಾಬರಿಯೂ ಆಯಿತು, ಖುಷಿಯೂ ಆಯಿತು. "ಬರ್ರಿ ಮೇಡಂ, ಕುಂತ್ಕಳ್ರಿ" ಎಂದು ಕಿಟಕಿಯ ಪಕ್ಕದ ಬೆಂಚು ತೋರಿಸಿದಳು. ಬೆಂಚಿನ ಮೇಲೆ ಕೂರುವ ಸರದಿ ನನ್ನದಾಗಿತ್ತು.

ಮೊದಲ ದಿನ ಕಲಿತದ್ದು ಬರೀ ಒಂದು ಬಣ್ಣವನ್ನು ಕಾಗದದ ತುಂಬ ಸಮನಾಗಿ ಹರಡುವುದು. ಹಲಗೆಗೆ ಕಾಗದವನ್ನು ನಾಲ್ಕೂ ಕಡೆ ಅಂಟಿಸಿ, ತಲೆಯ ಕಡೆ ಸ್ವಲ್ಪ ಎತ್ತರ ಮಾಡಿಡಬೇಕು. ಬ್ರಷ್ಷಿನ ತುಂಬ ಬಣ್ಣದ ನೀರು ತೆಗೆದುಕೊಂಡು ಮೇಲಿನಿಂದ ಒಂದು ಅಡ್ಡ ಎಳೆತ. ಕೆಳಅಂಚಿನಲ್ಲಿ ನೀರು ದಪ್ಪಗೆ ನಿಲ್ಲುತ್ತದೆ. ಅದು ಒಣಗುವ ಮುಂಚೆ ಅದಕ್ಕೆ ತಾಗಿಸಿ ಇನ್ನೊಂದು ಎಳೆತ. ಹೀಗೇ ನೀರನ್ನು ಇಳಿಸಿಕೊಂಡು ಬರುವುದು. ಕೇಳಲು ಎಷ್ಟು ಸುಲಭ. ನನ್ನ ಕಾಗದದಲ್ಲಿ ಮಾತ್ರ ಹೊಲದ ಸಾಲು ಮೂಡಿತ್ತು. ಏಕೆಂದರೆ ನಾನು ಒಂದು ಎಳೆತ ಸೊಟ್ಟಗಾಯಿತೆಂದು ಹಿಂದಕ್ಕೆ ಹೋಗಿ ತಿದ್ದುತ್ತಿದ್ದೆ. ಹಿಂದಕ್ಕೆ ಹೋಗಬೇಡಿ, ಅರೆ ಒಣಗಿದ್ದನ್ನು ಮುಟ್ಟಿದರೆ ಕೆಡುತ್ತದೆ ಎಂದು ಮದೀಹಾ ಮೆತ್ತಗೆ ಹೇಳಿದಳು. ತಪ್ಪು ಕಣ್ಣೆದುರಿಗೇ ಇರುವಾಗ ತಿದ್ದದೆ ಮುಂದೆ ಹೋಗುವುದು ಹೇಗೆ? ಜನ್ಮದಲ್ಲಿ ಮಾಡಿದವಳಲ್ಲ ನಾನು.

ಇನ್ನೊಂದು ಕಾಟ ಗಾಳಿಯದು. ಆಷಾಢದಲ್ಲಿ ನಮ್ಮೂರಿನ ಗಾಳಿಯ ಸಂಗತಿ ಗೊತ್ತಲ್ಲ, ಗುಡ್ಡದ ಮೇಲೆ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳು ನಿಲ್ಲುವುದೇ ಇಲ್ಲ. ಫೋನಿನಲ್ಲಿ ನೋಡಿದ ಪಾಠಗಳಲ್ಲಿ ಯಾವುದೋ ಚಳಿ ದೇಶದವರು, ಈಗ ನಿಧಾನವಾಗಿ ಚಹ ಕುಡಿದು ಬನ್ನಿ, ಅಷ್ಟರಲ್ಲಿ ಒಣಗಿರುತ್ತದೆ ಎನ್ನುತ್ತಿದ್ದರು. ನಮ್ಮಲ್ಲಿ ಒಂದು ಎಳೆತ ಮುಗಿಸಿ ಬ್ರಷ್ಷು ಅದ್ದುವುದರೊಳಗೆ ಕಾಗದ ಹಪ್ಪಳವಾಗಿರುತ್ತಿತ್ತು. ಮದೀಹಾ ಕಿಟಕಿ ಮುಚ್ಚಿಸಿ ಫ್ಯಾನು ಆರಿಸುತ್ತಿದ್ದಳು. ನಾವೆಲ್ಲ ಬೆವರು ಒರೆಸಿಕೊಳ್ಳುತ್ತ ನೀರಿನ ಹಿಂದೆ ಓಡುತ್ತಿದ್ದೆವು. ಬೆವರಿನ ಹನಿ ಒದ್ದೆ ಬಣ್ಣದ ಮೇಲೆ ಬಿದ್ದರೆ ಹೂಕೋಸಿನಂಥ ಕಲೆ ಅರಳುತ್ತಿತ್ತು.

ಆದರೂ ನನಗೆ ಹಿಡಿಸಿತು. ಸುಳ್ಳೇಕೆ ಹೇಳಲಿ, ಬಹಳ ಹಿಡಿಸಿತು. ಒದ್ದೆ ಕಾಗದದ ಮೇಲೆ ಬ್ರಷ್ಷಿನ ತುದಿ ತಾಗಿಸಿದರೆ ಬಣ್ಣ ತಾನೇ ಹೊರಟು ತನಗೆ ಬೇಕಾದಲ್ಲಿ ಹೋಗಿ ನಿಲ್ಲುತ್ತಿತ್ತು. ಮನೆಯಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಸಾಧನೆ ನಡೆಯಿತು. ಒಂದು ದಿನ ಬ್ರಷ್ಷನ್ನು ಮನೆಯವರ ಕಾಫಿ ಲೋಟದಲ್ಲಿ ಅದ್ದಿದೆ. ಅವರು ಗುಟುಕು ಕುಡಿದು, ಲೋಟವನ್ನು ದೂರಕ್ಕೆ ಸರಿಸಿದರು.

ಮೂರನೆಯ ಪಾಠಕ್ಕೆ ಮದೀಹಾ ಬೆಳ್ಳುಳ್ಳಿ ಗಡ್ಡೆ ತಂದಿಟ್ಟಳು. ಬಿಳಿ ಕಾಗದದ ಮೇಲೆ ಬಿಳಿ ಬೆಳ್ಳುಳ್ಳಿ ಬರೆಯಬೇಕು. ನಾನು ಡಬ್ಬಿಯಲ್ಲಿ ಬಿಳಿ ಬಣ್ಣ ಹುಡುಕಿದೆ. ಜಲವರ್ಣದಲ್ಲಿ ಬಿಳಿ ಹಚ್ಚುವುದಿಲ್ಲ, ಕಾಗದವೇ ಬಿಳಿ. ಬೆಳ್ಳುಳ್ಳಿಯ ಸುತ್ತ ಇರುವ ನೆರಳು ಬರೆದರೆ ಬೆಳ್ಳುಳ್ಳಿ ತಾನೇ ಉಳಿಯುತ್ತದೆ ಎಂದಳು. ಬರೆಯದೆ ಬರೆಯುವುದು. ಪಾಠ ಒಪ್ಪಿಕೊಂಡೆ, ಅದು ಬೆಳ್ಳುಳ್ಳಿಯ ಪಾಠ ಎಂದುಕೊಂಡೆ.

ಇಷ್ಟಾದ ಮೇಲೆ ನನಗೆ ತಡೆಯಲಾಗಲಿಲ್ಲ. ಇನ್ನೂ ಹಣ್ಣು ತರಕಾರಿ ಬರೆಯಿರಿ, ಮುಖ ಕಷ್ಟ ಎಂದು ಮದೀಹಾ ಹೇಳಿದರೂ ಅವ್ವನ ಮುಖಕ್ಕೇ ಕೈ ಹಾಕಿದೆ. ಅಕ್ಕ ಕಾಯುತ್ತಾಳೆ, ಅಕ್ಕನ ಕಣ್ಣು ಕಾಯುತ್ತದೆಯೇ? ಅವಳನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಕೇಳಿದೆ. ಅವ್ವನ ಬಣ್ಣ ಹುರಿದ ಕಡಲೆಕಾಯಿ ಬೀಜದ ಸಿಪ್ಪೆಯದು. ಕೂದಲು ದಟ್ಟ, ಹಣೆಯ ಮೇಲೆ ಇಳಿದು ಬರುತ್ತಿತ್ತು. ಮೂಗು ಚಿಕ್ಕದು, ಅಷ್ಟೇನೂ ಚಿಕ್ಕದಲ್ಲ, ನಿನ್ನದು ಅಪ್ಪನ ಮೂಗು, ಅದು ಹಾಗಿರಲಿಲ್ಲ. ಕಣ್ಣು ದೊಡ್ಡವು, ನಕ್ಕರೆ ಸಣ್ಣಗಾಗುತ್ತಿದ್ದವು. ನಾನು ಬರೆದು ಬರೆದು ತೋರಿಸಿದೆ. ಅಕ್ಕ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕತ್ತು ಆ ಕಡೆ ತಿರುಗಿಸಿ ಈ ಕಡೆ ತಿರುಗಿಸಿ, ಇನ್ನೂ ಸ್ವಲ್ಪ ಉದ್ದ ಇತ್ತೇನೋ ಎನ್ನುತ್ತಿದ್ದಳು. ನಾನು ಮೂಗು ಉದ್ದ ಮಾಡಿ ಮತ್ತೆ ತೋರಿಸುತ್ತಿದ್ದೆ. ಮೊದಮೊದಲು ಅವಳಿಗೂ ಹುರುಪಿತ್ತು. ಬರಬರುತ್ತ ಮಾತು ಕಡಿಮೆಯಾಯಿತು. ನಾನು ಗಮನಿಸಲಿಲ್ಲ.

ಕೊನೆಗೊಂದು ಮುಖ ನನ್ನ ಕಣ್ಣಿಗೆ ಪರವಾಗಿಲ್ಲ ಎನ್ನಿಸಿತು. ಚರ್ಮದ ಬಣ್ಣ ಸರಿಯಾಗಿ ಹರಡಿತ್ತು, ಎಲ್ಲೂ ಸಾಲು ಮೂಡಿರಲಿಲ್ಲ. ಹಣೆ ಮಾತ್ರ ಇನ್ನೂ ಬರಿದಾಗಿತ್ತು. ಸ್ನಾನವಾಯಿತು, ಇನ್ನು ವಿಭೂತಿ ಎಂದುಕೊಂಡೆ. ನಮ್ಮ ಮನೆಗಳಲ್ಲಿ ಮುಖ ತೊಳೆದ ಮೇಲಲ್ಲವೇ ವಿಭೂತಿ ಹಚ್ಚುವುದು? ಕೈಗೆ ಬಂದ ಕ್ರಮವೇ ಅದು. ಅಂಗಡಿಯಿಂದ ಬಿಳಿ ಬಣ್ಣದ ಟ್ಯೂಬು ತಂದು ಎಳೆದು ನೋಡಿದೆ. ಕೆಳಗಿನ ಕಂದು ಕದಡಿ, ಮಡ್ಡಿಯ ಬಣ್ಣ ಬಂತು. ಅದನ್ನು ಒರೆಸಿ ತೆಗೆದೆ. ಆಗ ಹೊಳೆಯಿತು, ವಿಭೂತಿಗೆ ವಿಭೂತಿಯೇ ಸರಿ. ದೇವರ ಗೂಡಿನಿಂದ ಗಟ್ಟಿ ತಂದು, ಅಂಗೈಯಲ್ಲಿ ನೀರು ಹಾಕಿ ತೇಯ್ದು, ಬ್ರಷ್ಷಿನಿಂದ ಅವ್ವನ ಹಣೆಗೆ ಮೂರು ಪಟ್ಟೆ ಎಳೆದೆ. ನೆಟ್ಟಗೆ, ಒಂದೇ ಅಳತೆಯಲ್ಲಿ. ಒದ್ದೆಯಲ್ಲಿ ಏನೂ ಕಾಣಲಿಲ್ಲ. ಒಣಗುತ್ತ ಒಣಗುತ್ತ ಬೆಳ್ಳಗೆ ಬೆಳಗಿತು. ಈಗ ಮನುಷ್ಯರ ಮುಖವಾಯಿತು ನೋಡು ಎಂದು ಮನೆಯವರೂ ಮೆಚ್ಚಿದರು.

ಭಾನುವಾರ ಅದನ್ನು ಸುರುಳಿ ಸುತ್ತಿಕೊಂಡು ಆಟೋ ಹತ್ತಿದೆ. ಮಾಳಿಗೆಯ ಮೇಲೆ ಹೆಮ್ಮೆಯಿಂದ ಬಿಚ್ಚಿದರೆ ಬೂದಿ ನನ್ನ ಸೀರೆಯ ಮೇಲೆ ಉದುರಿತು. ಒಂದಿಷ್ಟು ಅವ್ವನ ಕಣ್ಣಿಗೆ ಬಿದ್ದಿತ್ತು, ಒಂದಿಷ್ಟು ಬಾಯಿಗೆ. ಹಣೆಯ ಮೇಲೆ ಸುಣ್ಣ ಕಿತ್ತ ಗೋಡೆಯ ಹಾಗೆ ಕಲೆ. ಪಕ್ಕದ ಬೆಂಚಿನವರು ಬಗ್ಗಿ ನೋಡಿದರು. ನನಗೆ ಅವಮಾನವಾಯಿತು.

ಮದೀಹಾ ನಗಲಿಲ್ಲ. ಬೂದಿಯನ್ನು ಮೆತ್ತನೆಯ ಬ್ರಷ್ಷಿನಿಂದ ಒಂದೆಡೆ ಕೂಡಿಸಿ, ಕಾಗದದಲ್ಲಿ ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟಳು. ಕಸದ ಬುಟ್ಟಿಗೆ ಹಾಕಲಿಲ್ಲ. ಆಮೇಲೆ ಹೇಳಿದಳು: "ನೀವು ಮುಖ ತೊಳೆದು ಆಮೇಲೆ ವಿಭೂತಿ ಹಚ್ಚೀರಿ ಮೇಡಂ. ಇದ್ರಲ್ಲಿ ಉಲ್ಟಾ. ವಿಭೂತಿ ಮೊದ್ಲು, ಮುಖ ಆಮೇಲೆ. ಬೆಳ್ಳುಳ್ಳಿ ತರಾನೇ ಖಾಲಿ ಬಿಡಬೇಕು."

ಖಾಲಿ ಬಿಟ್ಟದ್ದಕ್ಕೆ ಸೊನ್ನೆ ಕೊಟ್ಟವರು ನೀವು ಎಂದು ಅವಳ ಕಣ್ಣು ಹೇಳುತ್ತಿತ್ತು. ಬಾಯಿ ಹೇಳಲಿಲ್ಲ, ಹುಡುಗಿ ಒಳ್ಳೆಯವಳು.

ಮನೆಗೆ ಬಂದು ಅಕ್ಕನ ಮುಂದೆ ಆ ಕೆಟ್ಟ ಚಿತ್ರವನ್ನೇ ಬಿಚ್ಚಿದೆ. ಹಣೆ ಹಾಳಾಗಿದೆ, ಬೇರೆ ಬರೆಯುತ್ತೇನೆ, ಮೂಗು ಮಾತ್ರ ಇದೇ ಇರಲೋ ಬೇಡವೋ ಹೇಳು ಎಂದೆ. ಅಕ್ಕ ಕಾಗದ ತೆಗೆದುಕೊಳ್ಳಲಿಲ್ಲ. ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

"ಇನ್ನು ತೋರಿಸ್ಬ್ಯಾಡ ಕಣೆ ಜಯಾ" ಎಂದಳು. "ನೀನು ದಿನಾ ಒಂದೊಂದು ಮೂಗು ತೋರಿಸ್ತೀಯ. ಮಲಿಕ್ಕಂಡಾಗ ಅವ್ವನ್ನ ನೆನೆಸ್ಕಂಡ್ರೆ ನೀನು ಬರೆದೋಳೇ ಮುಂದೆ ಬರ್ತಾಳೆ. ಒಂದೊಂದ್ಸಲ ಆ ಕಂಪ್ಯೂಟರ್‌ನಾಕಿ ಬರ್ತಾಳೆ. ನಮ್ಮವ್ವ ಹಿಂದಕ್ಕೆ ಸರ್ಕಂಡು ಹೋಗ್ತಾವ್ಳೆ."

ಉಳಿಸಿಕೊಳ್ಳಲು ಹೊರಟು ಇಷ್ಟು ದಿನ ನಾನು ಮಾಡಿದ್ದೇನು? ಅಕ್ಕನ ಹೊರಗಣ್ಣನ್ನು ವಯಸ್ಸು ಒರೆಸುತ್ತಿತ್ತು, ಒಳಗಿದ್ದ ಮುಖವನ್ನು ನಾನು ಒರೆಸುತ್ತಿದ್ದೆ. ಬರೆದಿದ್ದ ಮುಖಗಳನ್ನೆಲ್ಲ ಹರಿದು ಹಾಕಿದೆ, ಆ ಕಂಪ್ಯೂಟರಿನ ಚಿತ್ರವನ್ನೂ ಸೇರಿಸಿ. ಬಣ್ಣದ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮುಂದಿನ ಭಾನುವಾರ ಕ್ಲಾಸಿಗೆ ಹೋಗಲಿಲ್ಲ, ಅದರ ಮುಂದಿನದಕ್ಕೂ ಹೋಗಲಿಲ್ಲ. ಮದೀಹಾ ಫೋನು ಮಾಡಿದರೆ ಮೈ ಸರಿಯಿಲ್ಲ ಎಂದೆ. ಮನೆಯವರು ಯಾವತ್ತೂ ಇಲ್ಲದೆ ಕಾಫಿ ತಾವೇ ಮಾಡಿ ತಂದುಕೊಟ್ಟರು.

ಅವ್ವನ ವಿಷಯವನ್ನು ನಾನೂ ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಸ್ನಾನ ಮಾಡಿ ಬಂದು ದೇವರ ಗೂಡಿನ ಮುಂದೆ ನಿಂತಿದ್ದಳು. ಕನ್ನಡಿ ಅವಳಿಗೆ ಈಗ ಯಾವ ಉಪಯೋಗಕ್ಕೂ ಇಲ್ಲ. ಕೈಯಿಂದ ತಡವಿ ಗಟ್ಟಿ ಹುಡುಕಿ, ಬೆರಳಿಗೆ ಹಚ್ಚಿಕೊಂಡು, ಹಣೆಯ ಎಡದಿಂದ ಬಲಕ್ಕೆ ಎಳೆದಳು. ನಾನು ಹೂವು ಕೊಡಲು ನಿಂತಿದ್ದವಳು ನೋಡಿದೆ. ಅರ್ಧ ದಾರಿಯಲ್ಲಿ ನಡುವಿನ ಬೆರಳನ್ನು ಎತ್ತಿಬಿಟ್ಟಳು. ಮೇಲಿನದು ಪೂರ್ತಿ, ಕೆಳಗಿನದು ಪೂರ್ತಿ, ನಡುವಿನದು ಅರ್ಧ. ಅದೇ ಹಳೆಯ ಸೊಟ್ಟ ವಿಭೂತಿ.

ಎಷ್ಟು ವರ್ಷದ ಸಿಟ್ಟೋ, ಬಾಯಿಗೆ ಬಂತು. ಈಗಲಾದರೂ ಆ ನಡುವಿನ ಗೆರೆ ಪೂರ್ತಿ ಎಳೆಯಬಾರದೇ, ಯಾಕೆ ಅರ್ಧಕ್ಕೆ ಬಿಡುತ್ತೀಯ ಎಂದು ಕೇಳಿದೆ.

ಅಕ್ಕ ತನ್ನ ಬೆರಳನ್ನು ತಾನೇ ಮುಟ್ಟಿ ನೋಡಿಕೊಂಡಳು. ಅವಳಿಗೂ ಅದು ಆಗಷ್ಟೇ ನೆನಪಿಗೆ ಬಂದ ಹಾಗಿತ್ತು.

"ಅವ್ವಂದು ನಡುಬೆರಳು ತುದಿ ಕುಡುಗೋಲಿಗೆ ಹೋಗಿತ್ತು ಕಣೆ" ಎಂದಳು. "ಹಣೆ ಉಬ್ಬಿದ ತಾವ ಮುಟ್ತಿತ್ತು, ಆಮ್ಯಾಲೆ ಮುಟ್ತಿರಲಿಲ್ಲ. ಅವಳ ಹಣೆ ಮ್ಯಾಲೂ ಹಂಗೇ, ನಮ್ಮ ಹಣೆ ಮ್ಯಾಲೂ ಹಂಗೇ. ವಿಭೂತಿ ಹಚ್ಚೋದೇ ಹಂಗೆ ಅಂತ ನಾನು ಕಲ್ತೆ. ನಿಂಗೂ ಹಂಗೇ ಹಚ್ಚಿದೆ."

ಅಕ್ಕ ಹತ್ತಿರ ಬಂದು, ಒಂದು ಕೈಯಿಂದ ನನ್ನ ಹಣೆಯನ್ನು ತಡವಿ ಜಾಗ ಗೊತ್ತು ಮಾಡಿಕೊಂಡು, ಇನ್ನೊಂದು ಕೈಯಿಂದ ವಿಭೂತಿ ಎಳೆದಳು. ನಡುವಿನ ಬೆರಳು ಅರ್ಧಕ್ಕೆ ಎದ್ದಿತು. ಚಿಕ್ಕವಳಿದ್ದಾಗ ಬೀದಿಯ ತಿರುವಿನಲ್ಲಿ ನಾನು ತಿದ್ದಿಕೊಳ್ಳುತ್ತಿದ್ದದ್ದು ಇದನ್ನೇ.

ಮೂಗು ಕೇಳುವುದಿಲ್ಲ, ಕಣ್ಣು ಕೇಳುವುದಿಲ್ಲ, ಇದೊಂದನ್ನು ಕಾಗದಕ್ಕೆ ತೆಗೆದುಕೊಳ್ಳಲೇ ಎಂದು ಕೇಳಿದೆ. ನೀನು ಬೇಡ ಎಂದರೆ ನಿನಗೆ ತೋರಿಸುವುದೂ ಇಲ್ಲ ಎಂದೆ. ಅಕ್ಕ ಯೋಚಿಸಿ, ಇದಾದರೆ ಮರೆಯುವಂಥದ್ದಲ್ಲ, ಬರೆದುಕೋ ಎಂದಳು.

ಡಬ್ಬಿ ಅಟ್ಟದಿಂದ ಇಳಿಯಿತು. ಹಲಗೆಗೆ ಹೊಸ ಕಾಗದ ಅಂಟಿಸಿ ಅಕ್ಕನ ಮುಂದಿಟ್ಟೆ. ಹಣೆ ಇಲ್ಲಿದೆ ಎಂದು ಅವಳ ಕೈ ಹಿಡಿದು ತೋರಿಸಿದೆ. ಅವಳು ವಿಭೂತಿಯ ಬೆರಳುಗಳನ್ನು ಕಾಗದದ ಮೇಲೆ ಎಳೆದಳು. ಬಿಳಿಯ ಮೇಲೆ ಬಿಳಿ, ಅಂಚು ಮಾತ್ರ ಮಸಕಾಗಿ ಕಾಣುತ್ತಿತ್ತು. ಆ ಅಂಚಿನ ಗುಂಟ ಪೆನ್ಸಿಲ್ಲಿನಿಂದ ತೆಳ್ಳಗೆ ಗುರುತು ಮಾಡಿಕೊಂಡೆ. ಆಮೇಲೆ ಹಲಗೆಯನ್ನು ಕಿಟಕಿಗೆ ಹಿಡಿದೆ. ಇಷ್ಟು ದಿನ ಕಾಡಿದ ಗಾಳಿ ಬೂದಿಯನ್ನೆಲ್ಲ ಒಯ್ದಿತು.

ಕಿಟಕಿ ಮುಚ್ಚಿದೆ, ಫ್ಯಾನು ಆರಿಸಿದೆ, ನಾನು ಕರೆಯುವವರೆಗೆ ಬಾಗಿಲು ತೆರೆಯಬೇಡಿ ಎಂದು ಮನೆಯವರಿಗೆ ಹೇಳಿದೆ. ಮೊದಲು ವಿಭೂತಿ. ಅಂದರೆ ಮೂರು ಪಟ್ಟೆಗಳನ್ನು ಒಣಗಿದ್ದ ಹಾಗೇ ಬಿಟ್ಟು ಸುತ್ತಲೂ ಬರೀ ನೀರು ಹಚ್ಚಿದೆ. ಆಮೇಲೆ ಕಡಲೆಕಾಯಿ ಸಿಪ್ಪೆಯ ಬಣ್ಣ. ಹಣೆಯಿಂದ ಕೆಳಗೆ ಕೆನ್ನೆ, ಗಲ್ಲ, ಕತ್ತು, ಒಂದೇ ನೀರಿನಲ್ಲಿ ಇಳಿಸಿಕೊಂಡು ಬಂದೆ. ಅದು ಆರುವ ಮುಂಚೆ ಕಪ್ಪಿಗೆ ನೀಲಿ ಸೇರಿಸಿ ಕೂದಲಿನ ಕಡೆ ತಾಗಿಸಿದೆ. ಬಣ್ಣ ತಾನೇ ಹರಿದು ಹಣೆಯ ಅಂಚಿಗೆ ಮೆತ್ತಗೆ ಇಳಿಯಿತು, ಅಕ್ಕ ಹೇಳಿದ ದಟ್ಟ ಕೂದಲಿನ ಹಾಗೆಯೇ. ಕೆಳಗಿನ ಪಟ್ಟೆಯ ತುದಿಗೆ ಮಾತ್ರ ಸ್ವಲ್ಪ ಕಂದು ನುಗ್ಗಿ ಗೆರೆ ಸೊಟ್ಟಗಾಯಿತು. ನನ್ನ ಕೈ ತಿದ್ದಲು ಹೊರಟಿತು. ತಡೆದುಕೊಂಡೆ. ಬೆವರು ಕಾಗದದ ಮೇಲೆ ಬೀಳದಂತೆ ಹಿಂದಕ್ಕೆ ಸರಿದು ಕುಳಿತೆ.

ಒಣಗಿದ ಮೇಲೆ ಪಟ್ಟೆಗಳ ಕೆಳಗೆ ಕಾಸಿನಗಲ ಕುಂಕುಮ ಇಟ್ಟೆ. ದೂರ ಇಟ್ಟು ನೋಡಿದೆ. ಕಂದು ಮುಖದ ಮೇಲೆ ವಿಭೂತಿ ಕಾಗದದ ಬಿಳುಪಿನಲ್ಲಿ ಹೊಳೆಯುತ್ತಿತ್ತು. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಹೀಗೆ ಬಿಟ್ಟರೆ ಯಾರು ಚಿತ್ರ ಎನ್ನುತ್ತಾರೆ? ಹುಬ್ಬಿನ ಒಂದು ಗೆರೆ, ರೆಪ್ಪೆಯ ಒಂದು ನೆರಳು ಇದ್ದರೆ ಸಾಕು ಎನ್ನಿಸಿತು. ನನ್ನ ಅಂದಾಜಿನಲ್ಲೇ ಬರೆದುಬಿಡೋಣ, ಅಕ್ಕನಿಗೆ ತೋರಿಸಲೇಬೇಕೆಂದಿಲ್ಲವಲ್ಲ. ಚಿಕ್ಕ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿದೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಅಕ್ಕ. ಬಾಗಿಲು ತೆರೆಯಬೇಡಿ ಎಂದು ನಾನು ಹೇಳಿದ್ದು ಮನೆಯವರಿಗೆ ಮಾತ್ರ. ಗೋಡೆ ಹಿಡಿದುಕೊಂಡು ಬಂದವಳು ಹಲಗೆಯ ಕಡೆಗೆ ನೇರ ನೋಡಲಿಲ್ಲ, ಕಿಟಕಿಯ ಕಡೆಗೆ ಮುಖ ಮಾಡಿ ಓರೆಯಲ್ಲಿ ನೋಡಿದಳು. ಆ ಉಳಿದ ಅಂಚಿನ ನೋಟಕ್ಕೆ ಸಣ್ಣ ಗೆರೆ ಯಾವುದೂ ಸಿಗದು. ಕಪ್ಪು ಸಿಗುತ್ತದೆ, ಬಿಳುಪು ಸಿಗುತ್ತದೆ. ಅವಳು ಹಾಗೇ ನಿಂತಳು. ಗೋಡೆಯ ಮೇಲಿದ್ದ ಕೈ ನಿಧಾನಕ್ಕೆ ಕೆಳಗೆ ಬಂತು.

"ಅವ್ವ" ಎಂದಳು, ನನಗಲ್ಲ, ಚಿತ್ರಕ್ಕೆ. ಆಮೇಲೆ ನನಗೆ ಹೇಳಿದಳು: "ಸ್ನಾನ ಮಾಡ್ಕಂಡು ಬಂದವ್ಳೆ ನೋಡು."

ಇನ್ನೂ ಮುಗಿದಿಲ್ಲ ಅಕ್ಕ, ಕಣ್ಣು ಮೂಗು ಬರೆದಿಲ್ಲ ಎಂದೆ.

ಅಕ್ಕ ನನ್ನ ಕೈ ತಡವಿದಳು. ಬ್ರಷ್ಷು ಸಿಕ್ಕಿತು. ಅದನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಬ್ಯಾಡ. ಅವು ನನ್ ತಾವ ಅವೆ" ಎಂದಳು.

ಅವಳು ಚಿತ್ರದ ಮುಂದೆ ಮಣೆ ಎಳೆದುಕೊಂಡು, ಕತ್ತು ಓರೆ ಮಾಡಿ ಕುಳಿತಳು. ನಾನು ಬ್ರಷ್ಷು ತೊಳೆದು, ಒರೆಸಿ, ಡಬ್ಬಿಗೆ ಹಾಕಿ ಮುಚ್ಚಿದೆ. ಮುಖ ತೊಳೆಯಲು ಹೋದರೆ ಕನ್ನಡಿಯಲ್ಲಿ ಬೆಳಿಗ್ಗೆ ಅಕ್ಕ ಹಚ್ಚಿದ ವಿಭೂತಿ ಹಾಗೇ ಇತ್ತು, ನಡುವಿನ ಗೆರೆ ಅರ್ಧಕ್ಕೆ ನಿಂತಿತ್ತು. ಹಣೆಯನ್ನು ಬಿಟ್ಟು ಮುಖ ತೊಳೆದುಕೊಂಡೆ.